ಪೆಂಗ್ವಿನ್ ಪಕ್ಷಿಗಳ ಹೊಸ ಮನೆ

ಪೆಂಗ್ವಿನ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಮೂಡುವುದು ದಕ್ಷಿಣ ಧ್ರುವದ ಹಿಮರಾಶಿಯ ಚಿತ್ರ. ವಾಸ್ತವಾಂಶ ಬೇರೆಯೇ ಆಗಿದೆ. ಪ್ರಪಂಚದಲ್ಲಿರುವ ಸುಮಾರು 18 ಜಾತಿಯ ಪೆಂಗ್ವಿನ್‌ಗಳಲ್ಲಿ ಅಂಟಾರ್ಕ್ಟಿಕದ ಹಿಮದ ನೆರೆಯಲ್ಲಿ ಬಾಳುವವು ಕೆಲವೇ. ಒಂದು ಜಾತಿ ಭೂಮಧ್ಯರೇಖೆಯ ಬಳಿಯ ಗಲಪಗಸ್ ದ್ವೀಪಗಳಲ್ಲಿದೆ; ಇನ್ನೊಂದು ಆಫ್ರಿಕ ಖಂಡದ ದಕ್ಷಿಣ ತೀರದಲ್ಲಿದೆ. ಈ ಲೇಖನದಲ್ಲಿ ಮುಖ್ಯವಾಗಿ ವಿವೇಚಿಸಲಿರುವ ಹಂಬೋಲ್ಟ್ ಪೆಂಗ್ವಿನ್ ಪೆರು ಮತ್ತು ಚಿಲಿ ದೇಶಗಳ ಮಳೆ ಕಾಣದ ಕಡಲತೀರದ ನಿವಾಸಿ. ತಣ್ಣನೆಯ ಸಮುದ್ರಪ್ರವಾಹ ಅದಕ್ಕೆ ಬೇಕು, ಹಿಮ ಬೇಡ.

ಇಷ್ಟು ಸಣ್ಣ ಸಂಗತಿಯನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಒಂದು ಜೀವಿಗೆ ಮನೆ ಕಟ್ಟಹೊರಟವರು ಅದರ ನಿಜವಾದ ಬಾಳನ್ನು ಅರಿಯದೆ ತಮ್ಮ ಕಲ್ಪನೆಗೆ ತಕ್ಕಂತೆ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಲಂಡನ್ ಪ್ರಾಣಿಸಂಗ್ರಹಾಲಯದ ಚರಿತ್ರೆಯಲ್ಲಿ ಒಂದು ನಿದರ್ಶನ ದೊರೆಯುತ್ತದೆ.

1934ರಲ್ಲಿ ಬರ್ತೊಲ್ಡ್ ಲುಬೆಟ್ಕಿನ್ ಎಂಬ ವಾಸ್ತುಶಿಲ್ಪಿಯೂ ಅವರ ಟೆಕ್ಟನ್ ಬಳಗದವರೂ ಅಲ್ಲಿ ಒಂದು ಪೆಂಗ್ವಿನ್ ಕೊಳವನ್ನು ರಚಿಸಿದರು. ಮುಂದೆ ಸಿಡ್ನಿಯ ಪ್ರಖ್ಯಾತ ರಂಗಮಂದಿರದ ಎಂಜಿನಿಯರ್ ಆದ ಓವ್ ಅರುಪ್ ಅವರು ಇದರ ರಚನೆಯಲ್ಲಿ ನೆರವಾದರು. ಅಂಡಾಕಾರದ ಬಿಳಿಯ ಆವರಣ. ಅದರ ನಡುವೆ, ಕೆಳಗೆ ಯಾವ ಕಂಬದ ಆಧಾರವೂ ಇಲ್ಲದೆ ಒಂದನ್ನೊಂದು ಸುತ್ತುವರಿದು ಇಳಿಯುವ ಎರಡು ಕಾಂಕ್ರೀಟ್ ಇಳಿಜಾರುಗಳು. ಅವುಗಳ ಮೇಲೆ ಪೆಂಗ್ವಿನ್‌ಗಳು ಸಾಲಾಗಿ ನಡೆದುಬರುವ ನೋಟಕ್ಕೆ ಜನ ಮಾರುಹೋದರು. ಆಧುನಿಕ ವಾಸ್ತುಶಿಲ್ಪದ ಗ್ರಂಥಗಳಲ್ಲಿ ಈ ಕೊಳಕ್ಕೆ ಇಂದಿಗೂ ಗೌರವದ ಸ್ಥಾನವಿದೆ.

ಆದರೆ ಕಟ್ಟಡಕ್ಕೆ ದೊರೆತ ಈ ಕೀರ್ತಿ ಅದರಲ್ಲಿ ಬಾಳುವ ಪಕ್ಷಿಗೆ ಸುಖವನ್ನು ತರಲಿಲ್ಲ. ಗಟ್ಟಿ ಕಾಂಕ್ರೀಟಿನ ಮೇಲೆ ನಡೆದು ಪಕ್ಷಿಗಳ ಅಂಗಾಲಿನಲ್ಲಿ ಹುಣ್ಣುಗಳಾದವು. ನೀರಿನಲ್ಲಿ ಬಾಣದಂತೆ ಚಲಿಸಬಲ್ಲ ಪಕ್ಷಿಗೆ ಅಲ್ಲಿದ್ದ ನೀರಿನ ಆಳ ಸಾಲದಾಯಿತು. ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುವುದು ಹಂಬೋಲ್ಟ್ ಪೆಂಗ್ವಿನ್ನಿನ ಸ್ವಭಾವ. ಅಲ್ಲಿ ತೋಡಲು ಮಣ್ಣೇ ಇರಲಿಲ್ಲ. ಕಡೆಗೆ 2004ರಲ್ಲಿ ಪಕ್ಷಿಗಳನ್ನು ಅಲ್ಲಿಂದ ಬೇರೆಡೆಗೆ ಸಾಗಿಸಲಾಯಿತು. ಕಾನೂನಿನ ರಕ್ಷಣೆ ಪಡೆದ ಸ್ಮಾರಕವಾಗಿ ಕೊಳ ಉಳಿಯಿತು; ಪೆಂಗ್ವಿನ್ ಉಳಿಯಲಿಲ್ಲ.

ಅದೇ ಸಂಗ್ರಹಾಲಯ 2011ರಲ್ಲಿ ‘ಪೆಂಗ್ವಿನ್ ಬೀಚ್’ ಎಂಬ ಹೊಸ ನೆಲೆಯನ್ನು ತೆರೆಯಿತು. ಸುಮಾರು 1,200 ಚದರ ಮೀಟರ್ ವಿಸ್ತಾರದ ಈ ನೆಲೆಯ ಕೊಳದಲ್ಲಿ 4,50,000 ಲೀಟರ್ ನೀರು ನಿಲ್ಲುತ್ತದೆ. ಇದನ್ನು ಕಟ್ಟಿದವರು ಮೊದಲು ಕೇಳಿಕೊಂಡ ಪ್ರಶ್ನೆ ‘ನೋಡಲು ಹೇಗಿರಬೇಕು’ ಎಂಬುದಲ್ಲ, ‘ಪಕ್ಷಿಗೆ ಏನು ಬೇಕು’ ಎಂಬುದು. ಆದುದರಿಂದಲೇ ಇಲ್ಲಿ ನುಣುಪಾದ ಬಿಳಿಯ ಗೋಡೆಗಳ ಬದಲು ಮರಳು ಮತ್ತು ಬೆಣಚುಕಲ್ಲುಗಳ ದಡ, ಗೂಡಿನ ಪೆಟ್ಟಿಗೆಗಳು, ಮರಿಗಳನ್ನು ಸಾಕುವ ಪ್ರತ್ಯೇಕ ಸ್ಥಳ ಇವೆ.

ಇಂತಹ ನೆಲೆಯ ಒಂದೊಂದು ಅಂಗಕ್ಕೂ ಒಂದೊಂದು ಕಾರಣವುಂಟು. ದಡದಲ್ಲಿ ಮರಳು, ಸಣ್ಣ ಕಲ್ಲು, ಬಂಡೆ ಹೀಗೆ ಬಗೆಬಗೆಯ ನೆಲವಿದ್ದರೆ ಅಂಗಾಲಿನ ಒಂದೇ ಭಾಗದ ಮೇಲೆ ಭಾರ ಬೀಳುವುದಿಲ್ಲ. ನೀರು ಆಳವಾಗಿದ್ದರೆ ಪಕ್ಷಿ ಹೆಚ್ಚು ಕಾಲ ಈಜುತ್ತದೆ. ಈಜುವಷ್ಟು ಕಾಲ ಪಾದಕ್ಕೆ ವಿಶ್ರಾಂತಿ. ಮೀನಿನ ಎಣ್ಣೆಯೂ ಹಿಕ್ಕೆಯೂ ಬೆರೆತು ನೀರು ಬೇಗನೆ ಕೆಡುವುದರಿಂದ ಅದನ್ನು ಹಗಲಿರುಳೂ ಸೋಸುವ ಯಂತ್ರಗಳಿರಬೇಕು. ಹಂಬೋಲ್ಟ್ ಜೋಡಿ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಟ್ಟು, ಗಂಡು ಹೆಣ್ಣುಗಳೆರಡೂ ಸರದಿಯ ಮೇಲೆ ಸುಮಾರು 40 ದಿನ ಕಾವು ಕೊಡುತ್ತವೆ. ಆಗ ಬಿಲದಂತಹ ಕತ್ತಲೆಯ ಮರೆ ಅವಶ್ಯಕ. ಮುಚ್ಚಿದ ಕಟ್ಟಡವಾದರೆ ಶುದ್ಧ ಗಾಳಿಯ ಸಂಚಾರ ಇನ್ನೂ ಮುಖ್ಯ. ಗಾಳಿಯಲ್ಲಿ ತೇಲುವ ಒಂದು ಬಗೆಯ ಬೂಷ್ಟು ಪೆಂಗ್ವಿನ್‌ಗಳ ಶ್ವಾಸಕೋಶಕ್ಕೆ ಮಾರಕ. ಇಷ್ಟೆಲ್ಲ ಎಚ್ಚರ ವಹಿಸಿದರೂ ವಿಪತ್ತು ತಪ್ಪದೆಂಬುದಕ್ಕೆ ಪೆಂಗ್ವಿನ್ ಬೀಚೇ ಸಾಕ್ಷಿ. 2012ರಲ್ಲಿ ಸೊಳ್ಳೆಗಳಿಂದ ಹರಡುವ ಪಕ್ಷಿಮಲೇರಿಯ ತಗುಲಿ ಅಲ್ಲಿನ ಆರು ಪೆಂಗ್ವಿನ್‌ಗಳು ಸತ್ತವು.

ನಮ್ಮ ದೇಶದಲ್ಲಿಯೂ ಇಂತಹ ಪ್ರಯತ್ನ ನಡೆದಿದೆ. ಮುಂಬಯಿಯ ಬೈಕುಲ್ಲಾದಲ್ಲಿರುವ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನಕ್ಕೆ 2016ರಲ್ಲಿ ದಕ್ಷಿಣ ಕೊರಿಯದ ಸೋಲ್ ನಗರದಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಅದೇ ವರ್ಷ ಅವುಗಳಲ್ಲಿ ಒಂದು ಸತ್ತಿತು. 2017ರಲ್ಲಿ ಸಾರ್ವಜನಿಕರಿಗೆ ಪ್ರವೇಶ ದೊರೆಯಿತು. 2018ರ ಆಗಸ್ಟ್ 15ರಂದು ಹುಟ್ಟಿದ ಮೊದಲ ಮರಿ ಕೆಲವೇ ದಿನಗಳಲ್ಲಿ ತೀರಿಕೊಂಡಿತು; ಮುಂದೆ ಹುಟ್ಟಿದ ಮರಿಗಳಲ್ಲಿ ಕೆಲವು ಬದುಕಿ ಬೆಳೆದವು. ಮುಂಬಯಿಯ ಸೆಕೆಯಲ್ಲಿ ಯಂತ್ರಗಳಿಂದ ತಂಪಾಗಿಸಿದ ಗಾಜಿನ ಮನೆಯಲ್ಲಿ ಈ ಪಕ್ಷಿಗಳನ್ನು ಇರಿಸಬೇಕೆ ಎಂದು ಅನೇಕರು ಪ್ರಶ್ನಿಸಿದರು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಷ್ಟೇ ಉತ್ತಮವಾದರೂ ಸೆರೆ ಸೆರೆಯೇ. ಪಕ್ಷಿ ನಮಗಾಗಿ ತನ್ನ ಸ್ವಾತಂತ್ರ್ಯವನ್ನು ತೆತ್ತಿರುವಾಗ ಅದರ ಬಂಧುಗಳಿಗೆ ನಾವು ಹಿಂದಿರುಗಿಸುವುದೇನು? ಸಂಗ್ರಹಾಲಯದ ಮೇಲ್ಮೆಯನ್ನು ನಿರ್ಣಯಿಸಬೇಕಾದುದು ಈ ಪ್ರಶ್ನೆಗೆ ಅದು ಕೊಡುವ ಉತ್ತರದಿಂದ.

ಉತ್ತರಕ್ಕಾಗಿ ನಾವು ಪೆರುವಿನ ಕಡಲತೀರಕ್ಕೆ ಹೋಗಬೇಕು. ಅಲ್ಲಿ ಮಳೆಯಿಲ್ಲದ ಕಾರಣ ಕಡಲಹಕ್ಕಿಗಳ ಹಿಕ್ಕೆ ಕೊಚ್ಚಿಹೋಗದೆ ಶತಮಾನಗಳ ಕಾಲ ಬೆಟ್ಟದಂತೆ ಶೇಖರವಾಗಿತ್ತು. ಇದಕ್ಕೆ ‘ಗ್ವಾನೊ’ ಎಂದು ಹೆಸರು. ಪೆಂಗ್ವಿನ್‌ಗಳು ಇದರಲ್ಲಿಯೇ ಬಿಲ ತೋಡಿ ಸಂಸಾರ ಹೂಡುತ್ತಿದ್ದವು. ಈ ಪಕ್ಷಿಗೆ ಯಾರ ಹೆಸರು ಬಂದಿದೆಯೋ ಆ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟರೇ 1804ರಲ್ಲಿ ಗ್ವಾನೊದ ಮಾದರಿಯನ್ನು ಯೂರೋಪಿಗೆ ಒಯ್ದರು. ಅದು ಉತ್ಕೃಷ್ಟ ಗೊಬ್ಬರವೆಂದು ತಿಳಿದಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಟ್ಟಲೆ ಗ್ವಾನೊ ಪಾಶ್ಚಾತ್ಯ ದೇಶಗಳ ಹೊಲಗಳಿಗೆ ಸಾಗಿತು. ಪೆಂಗ್ವಿನ್‌ಗಳಿಗೆ ಉಳಿದುದು ಬರಿಯ ಬಂಡೆ. ಅವುಗಳ ಆಹಾರವಾದ ಸಣ್ಣ ಮೀನುಗಳನ್ನು ಮನುಷ್ಯ ಮಿತಿಮೀರಿ ಹಿಡಿದನು. ಸಮುದ್ರದ ನೀರು ಬಿಸಿಯಾಗುವ ‘ಎಲ್ ನಿನೊ’ ವರ್ಷಗಳಲ್ಲಿ, ವಿಶೇಷವಾಗಿ 1982–83ರಲ್ಲಿ, ಇವುಗಳ ಸಂಖ್ಯೆ ಬಹುವಾಗಿ ಕುಸಿಯಿತು.

ಅಮೆರಿಕದ ಸೇಂಟ್ ಲೂಯಿಸ್ ನಗರದ ಸಂಗ್ರಹಾಲಯ ಇಲ್ಲಿ ಅನುಕರಣೀಯ ಮಾರ್ಗವನ್ನು ತೋರಿದೆ. 2003ರಲ್ಲಿ ಪೆಂಗ್ವಿನ್‌ಗಳಿಗೆ ಹೊಸ ನೆಲೆಯನ್ನು ತೆರೆದ ಈ ಸಂಸ್ಥೆ ಅಷ್ಟಕ್ಕೇ ತೃಪ್ತಿಪಡದೆ, ಪೆರುವಿನ ಪುಂಟಾ ಸಾನ್ ಹ್ವಾನ್ ಎಂಬಲ್ಲಿ ಹಂಬೋಲ್ಟ್ ಪೆಂಗ್ವಿನ್‌ಗಳ ರಕ್ಷಣೆಗೆ ನೆರವು ನೀಡುತ್ತ ಬಂದಿದೆ. ಅಲ್ಲಿ ಗ್ವಾನೊವನ್ನು ಈಗಲೂ ತೆಗೆಯುವುದುಂಟು. ಆದರೆ ಗೂಡುಗಳಿಗೆ ಧಕ್ಕೆಯಾಗದಂತೆ ವಿಜ್ಞಾನಿಗಳು ನಿಗಾ ವಹಿಸುತ್ತಾರೆ.

ದಕ್ಷಿಣ ಆಫ್ರಿಕದಲ್ಲಿಯೂ ಕಥೆ ಇದೇ. ಅಲ್ಲಿಯೂ ಗ್ವಾನೊವನ್ನು ಕೆರೆದು ಒಯ್ದುದರಿಂದ ಪೆಂಗ್ವಿನ್‌ಗಳು ಬಯಲಿನಲ್ಲಿ, ಉರಿಬಿಸಿಲಿನಲ್ಲಿ ಮೊಟ್ಟೆಯಿಡುವಂತಾಯಿತು. ಆಫ್ರಿಕದ ಈ ಜಾತಿಯನ್ನು 2024ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ. ಉಳಿದಿರುವ ಜೋಡಿಗಳು 10,000ಕ್ಕಿಂತಲೂ ಕಡಿಮೆ. ಇವುಗಳಿಗಾಗಿ ತೀರದಲ್ಲಿ ಕೃತಕ ಗೂಡುಗಳನ್ನು ಇಡಲಾಯಿತು. ಮೊದಲು ಮಾಡಿದ ಕೆಲವು ಗೂಡುಗಳು ಒಳಗೆ ಕಾದು ಮೊಟ್ಟೆ ಮರಿಗಳಿಗೆ ಅಪಾಯ ತಂದವು. ಅನಂತರ ಅಮೆರಿಕದ ಸಂಗ್ರಹಾಲಯಗಳ ಸಹಕಾರದಿಂದ, ಹಳೆಯ ಗ್ವಾನೊ ಬಿಲದ ತಂಪನ್ನು ಹೋಲುವಂತೆ, ಎರಡು ಪದರಗಳ ನಡುವೆ ಗಾಳಿಯಿರುವ ಸಿರಾಮಿಕ್ ಲೇಪದ ಗೂಡುಗಳನ್ನು ರೂಪಿಸಲಾಯಿತು.

ಲಂಡನ್ನಿನ ಕೊಳದಲ್ಲಿ ಕಲಿತ ಪಾಠ ಮತ್ತು ಆಫ್ರಿಕದ ತೀರದಲ್ಲಿ ಕಲಿತ ಪಾಠ ಒಂದೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸದುದ್ದೇಶದಿಂದ ಕಟ್ಟಿದ ಮಾತ್ರಕ್ಕೆ ಮನೆ ಮನೆಯಾಗದು. ಅದರಲ್ಲಿ ಬಾಳುವವರನ್ನು ಅರಿತು ಕಟ್ಟಬೇಕು, ತಪ್ಪು ಕಂಡಲ್ಲಿ ನಾಚದೆ ತಿದ್ದಿಕೊಳ್ಳಬೇಕು. ಮುಂದೆ ನೀವು ಪ್ರವಾಸ ಹೋದಾಗ ಯಾವುದಾದರೊಂದು ಸಂಗ್ರಹಾಲಯದಲ್ಲಿ ಪೆಂಗ್ವಿನ್ನನ್ನೋ ಬೇರಾವುದೇ ಪ್ರಾಣಿಯನ್ನೋ ಕಂಡರೆ, ಅದರ ಚಂದವನ್ನು ನೋಡಿ ಚಪ್ಪಾಳೆ ತಟ್ಟಿ ಹಿಂದಿರುಗಬೇಡಿ. ಇದರ ಕಾಲಡಿಯ ನೆಲ ಎಂಥದು? ಇದರ ತೌರುನೆಲ ಯಾವುದು? ಆ ನೆಲದಲ್ಲಿ ಉಳಿದಿರುವ ಇದರ ಬಳಗಕ್ಕಾಗಿ ಈ ಸಂಸ್ಥೆ ಮಾಡುತ್ತಿರುವುದೇನು? ಈ ಮೂರು ಪ್ರಶ್ನೆಗಳನ್ನು ಅಲ್ಲಿನವರನ್ನು ವಿನಯದಿಂದ ಕೇಳಿರಿ. ಕೇಳುವವರಿದ್ದರೆ ಕಟ್ಟುವವರು ಎಚ್ಚರದಿಂದ ಕಟ್ಟುತ್ತಾರೆ.