ಕುಸ್ತಿಗೆ ಜೋಡಿ ಕಟ್ಟುವುದು

ಅಕ್ಕಾ, ಕುಸ್ತಿ ನೋಡಿದ್ದೀರಾ? ಮೈಸೂರು ದಸರಾ ಕುಸ್ತಿಗೆ ಹೆಣ್ಣುಮಕ್ಕಳೂ ಇಳೀತಾರೆ.

ಕುಸ್ತಿ ನಡೆಸುವವರಿಗೆ ಮೊದಲ ಕೆಲಸ ಜೋಡಿ ಕಟ್ಟುವುದು. ಪೈಲ್ವಾನರನ್ನು ಮುಂಚೆಯೇ ಕರೆಸ್ತಾರೆ. ವಯಸ್ಸು, ತೂಕ ನೋಡ್ತಾರೆ. ಸಮಬಲದ ಇಬ್ಬರನ್ನು ಜೋಡಿ ಮಾಡ್ತಾರೆ. ಜೋಡಿ ತಪ್ಪಿದರೆ? 50 ಕಿಲೋ ಹುಡುಗಿಯ ಮೇಲೆ 80 ಕಿಲೋದವಳು ಬಿದ್ದರೆ ಕತ್ತು ಉಳುಕೀತು, ಕೈ ಮುರಿದೀತು. ಜನಕ್ಕೂ ಬೇಸರ. ಯಾರು ಗೆಲ್ತಾರೆ ಅಂತ ಮೊದಲೇ ಗೊತ್ತಲ್ಲ!

ಒಲಿಂಪಿಕ್ಸ್‌ನಲ್ಲಿ ತಕ್ಕಡಿಯ ಮಾತೇ ಮಾತು. ಆಡುವ ದಿನ ಬೆಳಿಗ್ಗೆ ತೂಕ ಹಾಕ್ತಾರೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಹರಿಯಾಣದ ವಿನೇಶ್ ಫೋಗಟ್ ಒಂದೇ ದಿನ ಮೂರು ಕುಸ್ತಿ ಗೆದ್ದರು. ಮಾರನೇ ದಿನ ಫೈನಲ್. ರಾತ್ರಿಯೆಲ್ಲ ತೂಕ ಇಳಿಸಲು ಒದ್ದಾಡಿದರು. ಬೆಳಿಗ್ಗೆ 50 ಕಿಲೋ ಮೇಲೆ 100 ಗ್ರಾಂ ಬಂತು. ಅರ್ಧ ಲೋಟ ನೀರಿನಷ್ಟು! ಅವರನ್ನು ಆಟದಿಂದ ಹೊರಗಿಟ್ಟರು. ಪದಕ ಸಿಗಲಿಲ್ಲ. ನಿಯಮ ಸರಿಯೇ. ಆದರೂ ನಮಗೆ ಹೊಟ್ಟೆ ಉರೀತು.