ಪೆನ್ ಡ್ರೈವಿನ ಆಯ್ಕೆ

ಬುಕ್ಕಾಂಬುಧಿಯಿಂದ ಕಾಲೇಜಿಗೆ ಬರುವ ನನ್ನ ಚೀಲದಲ್ಲಿ ಬುತ್ತಿಯೊಡನೆ ಪೆನ್ ಡ್ರೈವೊಂದು ಇರುವುದು ವಾಡಿಕೆ. ಕಳೆದ ವರ್ಷ ಅಗ್ಗಕ್ಕೆ ಕೊಂಡ ಅಂಥದೊಂದು ನನ್ನ ಪ್ರಾಜೆಕ್ಟ್ ವರದಿಯನ್ನೇ ನುಂಗಿಹಾಕಿತು. ಮೇಲೆ 64 ಜಿಬಿ ಎಂದು ಅಚ್ಚಾಗಿತ್ತು. ಒಳಗಿದ್ದುದು 8 ಮಾತ್ರ! ತುಂಬಿದ ಕೊಡಕ್ಕೆ ಸುರಿದ ನೀರಿನಂತೆ ಉಳಿದುದೆಲ್ಲ ಚೆಲ್ಲಿಹೋಯಿತು. ಆದುದರಿಂದ ಮಿತ್ರರೇ, ಕೊಂಡ ದಿನವೇ, ಡ್ರೈವು ಬರಿದಾಗಿರುವಾಗ, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ, ಬರೆದುದು ಹಾಗೆಯೇ ಓದಿಬರುವುದೇ ಎಂದು ಪರೀಕ್ಷಿಸಿರಿ.

ವೇಗದ ಮಾತು ಬೇರೆ. 2000ದಲ್ಲಿ ಬಂದ ಯುಎಸ್‌ಬಿ 2.0ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್; 2008ರ 3.0ರದು 5 ಗಿಗಾಬಿಟ್. ಇದು ದಾರಿಯ ಅಗಲವೇ ಹೊರತು ಗಾಡಿಯ ಓಟವಲ್ಲ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಓದುವ ವೇಗ. ಬರೆಯುವ ವೇಗ ಅದಕ್ಕಿಂತ ಬಹಳ ಕಡಿಮೆ ಇರಬಹುದು. ಅದನ್ನು ಕೇಳಿಯೇ ಕೊಳ್ಳಬೇಕು. ಹಳೆಯ ಕಂಪ್ಯೂಟರಿನಲ್ಲಿ 2.0 ಕಿಂಡಿ ಮಾತ್ರ ಇದ್ದರೆ ದುಬಾರಿ ಡ್ರೈವೂ ಕುಂಟುವುದು.

ಇನ್ನು ಬಾಳಿಕೆ. ಒಳಗಿನ ನ್ಯಾಂಡ್ ಕೋಶಗಳಲ್ಲಿ ಸೆರೆಯಾದ ವಿದ್ಯುದಾವೇಶವೇ ನಮ್ಮ ಅಕ್ಷರ. ಅಳಿಸಿ ಬರೆದಷ್ಟೂ ಕೋಶ ಸವೆಯುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ಆವೇಶ ಸೋರುತ್ತದೆ. ಲೋಹದ ಕವಚ ಪೆಟ್ಟನ್ನು ತಡೆದೀತು, ಇದನ್ನಲ್ಲ. ರಸೀತಿಯೂ ಐದು ವರ್ಷದ ಖಾತರಿಯೂ ಇರುವುದನ್ನು ನಾನು ಈ ಸಲ ಕೊಂಡೆ. ಮತ್ತೆ ಟೈಪು ಮಾಡಿದ ವರದಿಯ ಇನ್ನೊಂದು ಪ್ರತಿ ಅಣ್ಣನ ಕಂಪ್ಯೂಟರಿನಲ್ಲಿದೆ.