‘ಪರಿಸ್ಥಿತಿ ಶಾಂತ’ ಎಂದರೆ ಯಾವ ಶಾಂತಿ?

ಗಲಭೆ ನಡೆದ ಮರುದಿನ ಸರ್ಕಾರಕ್ಕೆ ಹೋಗುವ ವರದಿಯಲ್ಲಿ ತಪ್ಪದೆ ಬರುವ ವಾಕ್ಯವೊಂದಿದೆ: ‘ಪರಿಸ್ಥಿತಿ ಶಾಂತವಾಗಿದ್ದು ಹತೋಟಿಯಲ್ಲಿದೆ.’ ಅದೇ ಊರನ್ನು ಪತ್ರಿಕೆಗಳು ‘ಬೂದಿ ಮುಚ್ಚಿದ ಕೆಂಡ’ ಎಂದು ಬಣ್ಣಿಸುತ್ತವೆ. ಒಂದೇ ಊರು ಒಂದೇ ದಿನ ಶಾಂತವೂ ಹೌದು, ಕೆಂಡವೂ ಹೌದು ಎನ್ನುವುದಾದರೆ ‘ಶಾಂತ’ ಎಂಬ ಮಾತಿಗೆ ಉಳಿದ ಅರ್ಥವೇನು? ಆಡಳಿತದಲ್ಲಿ ದೀರ್ಘಕಾಲ ಈ ಪದದೊಡನೆ ಒಡನಾಡಿದವರಿಗೆ ಇದು ಕೇವಲ ನಿಘಂಟಿನ ಪ್ರಶ್ನೆಯಾಗಿ ಕಾಣುವುದಿಲ್ಲ.

ಇಂಗ್ಲಿಷ್ ಈ ವಿಷಯದಲ್ಲಿ ಧಾರಾಳಿ. ಕಾಮ್, ಪೀಸ್, ಕ್ವಯೆಟ್, ಸ್ಟಿಲ್, ಸೆರೀನ್, ಟ್ರಾಂಕ್ವಿಲಿಟಿ, ಕಂಪೋಷರ್ ಎಂದು ಬಗೆಬಗೆಯ ಪದಗಳಿವೆ. ನಾವು ಅನುವಾದಿಸುವಾಗ ಬಹುಪಾಲು ಎಲ್ಲಕ್ಕೂ ‘ಶಾಂತಿ’ ಎಂಬ ಒಂದೇ ಮೊಹರು ಒತ್ತುತ್ತೇವೆ. ಆದರೆ ಅವುಗಳ ಬೇರುಗಳು ಬೇರೆ ಬೇರೆ. ‘ಕಾಮ್’ (ಕನ್ನಡ ಲಿಪಿಯಲ್ಲಿ ಬರೆದರೆ ಅದರ ವಿರುದ್ಧಾರ್ಥವೇ ಕಣ್ಣಿಗೆ ಬೀಳುತ್ತದೆ) ಹುಟ್ಟಿದ್ದು ಗ್ರೀಕಿನ ‘ಕೌಮ’ ಎಂಬ ಪದದಿಂದ. ಅದರ ಅರ್ಥ ಸುಡುವ ತಾಪ. ನಡುಮಧ್ಯಾಹ್ನದ ಬಿಸಿಲಿಗೆ ಬೆದರಿ ಜನ, ಜಾನುವಾರು ನೆರಳು ಸೇರಿ, ಎಲ್ಲವೂ ನಿಂತುಹೋಗುವ ಹೊತ್ತಿನ ನಿಶ್ಚಲತೆ ಅದು. ಗಾಳಿಯ ಬಲವನ್ನು ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ ಸೊನ್ನೆಗೆ ಇಂದಿಗೂ ‘ಕಾಮ್’ ಎಂದೇ ಹೆಸರು. ‘ಸೆರೀನ್’ ಮೋಡವಿಲ್ಲದ ಆಕಾಶ, ‘ಕ್ವಯೆಟ್’ ವಿಶ್ರಾಂತಿ. ‘ಪೀಸ್’ ಮಾತ್ರ ಇವಕ್ಕಿಂತ ಭಿನ್ನ. ಲ್ಯಾಟಿನ್ನಿನ ‘ಪಾಕ್ಸ್’ನಿಂದ ಬಂದ ಆ ಪದಕ್ಕೆ ಒಪ್ಪಂದ ಎಂಬರ್ಥದ ‘ಪ್ಯಾಕ್ಟ್’ ದಾಯಾದಿ. ಕಾಮ್ ತಾನಾಗಿ ಒದಗಬಹುದು. ಪೀಸ್ ಆಗಬೇಕಾದರೆ ಇಬ್ಬರು ಎದುರುಬದುರು ಕುಳಿತು ಒಪ್ಪಬೇಕು.

ಕನ್ನಡವೇನೂ ಬಡವಾಗಿಲ್ಲ. ಯುರೋಪಿನವರ ಕಾಮ್ ಬಿಸಿಲಿನಿಂದ ಬಂದರೆ ನಮ್ಮದು ತಂಪಿನಿಂದ ಬಂದದ್ದು: ‘ತಣ್ಣಗಿರು’, ‘ಹೊಟ್ಟೆ ತಣ್ಣಗಿರಲಿ’ ಎಂದು ಹರಸುವವರು ನಾವು. ‘ಸಮಾಧಾನ’ ಎಂದರೆ ಚದುರಿದ್ದನ್ನು ಒಟ್ಟಾಗಿ ಇರಿಸುವುದು. ಕಂಪೋಷರ್ ಪದದೊಳಗೂ ಇರುವುದು ಅದೇ ಚಿತ್ರ. ಇನ್ನು ‘ನೆಮ್ಮದಿ’ಯಲ್ಲಿ ‘ನೆಮ್ಮು’ ಎಂಬ ಹಳೆಯ ಕ್ರಿಯಾಪದ ಕೇಳಿಸುತ್ತದೆ. ಒರಗು, ಆಸರೆ ಪಡೆ, ನಂಬು ಎಂದು ಅದರ ಅರ್ಥ. ಒರಗಲು ಆಸರೆಯಿಲ್ಲದವನಿಗೆ ಮೌನವಿರಬಹುದು, ನೆಮ್ಮದಿ ಇರಲಾರದು.

ಈ ವ್ಯತ್ಯಾಸಗಳನ್ನು ನೆಲದ ಮೇಲೆ ಕಾಣಬೇಕಾದರೆ ಮೈಸೂರು ಜಿಲ್ಲೆಯ ಪಶ್ಚಿಮದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯನ್ನು ನೋಡಬೇಕು. ಪ್ರವಾಸಿಗರಿಗೆ ಇದು ‘ಪ್ರಶಾಂತ’ ನಾಡು. ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಯಲ್ಲಿ ಕಾವೇರಿ ಭೋರ್ಗರೆದು ಧುಮುಕುತ್ತಾಳೆ. ಪಕ್ಕದ ಕೋದಂಡರಾಮನ ಗರ್ಭಗುಡಿಯೊಳಗೆ ಮಾತ್ರ ಆ ಸದ್ದು ಕೇಳಿಸದು ಎಂಬುದು ಅಲ್ಲಿನ ಪ್ರತೀತಿ. ಅಬ್ಬರದ ನಡುವೆಯೇ ಸಾಧಿಸಿದ ನೀರವ ಅದು.

ಇದಕ್ಕೆ ವ್ಯತಿರಿಕ್ತವಾದದ್ದು ಎಚ್.ಡಿ. ಕೋಟೆ ಕಡೆಯ ಕಬಿನಿ ಹಿನ್ನೀರಿನ ನಿಶ್ಚಲತೆ. 1974ರಲ್ಲಿ ಪೂರ್ಣಗೊಂಡ ಜಲಾಶಯದ ಆ ಕನ್ನಡಿಯಂಥ ನೀರಿನಡಿ ಹಲವು ಗ್ರಾಮಗಳಿವೆ. ಪುನ್ನಾಟರ ರಾಜಧಾನಿ ಕೀರ್ತಿಪುರವೆಂದು ಗುರುತಿಸಲಾದ ಕಿತ್ತೂರೂ ಅಲ್ಲಿಯೇ ಮುಳುಗಿತು. ದಡದಾಚೆಯ ನಾಗರಹೊಳೆಯ ಕಾಡು ಕೂಡ ಈಗ ನಿಶ್ಶಬ್ದ; ಆ ಕಾಡಿನಿಂದ ಹೊರಬಂದ 3,418 ಆದಿವಾಸಿ ಕುಟುಂಬಗಳನ್ನು ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ತನ್ನ ವರದಿಯಲ್ಲಿ ಗುರುತಿಸಿತು. ಪ್ರವಾಸಿ ಸವಿಯುವ ಪ್ರಶಾಂತತೆಗೂ ಜೇನು ಕುರುಬರ ಹಾಡಿಯ ಮೌನಕ್ಕೂ ಒಂದೇ ಪದ ಸಲ್ಲುವುದೇ?

ಅರ್ಥಶಾಸ್ತ್ರಕ್ಕೂ ತನ್ನದೇ ಒಂದು ಶಾಂತಿಯಿದೆ. ಅದನ್ನು ಸಮತೋಲನ ಎನ್ನುತ್ತಾರೆ. ಬೇಡಿಕೆ, ಪೂರೈಕೆಗಳು ಸಂಧಿಸಿದೊಡನೆ ಪಠ್ಯಪುಸ್ತಕದ ರೇಖೆಗಳು ವಿಶ್ರಮಿಸುತ್ತವೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹರಾಜು ಕಟ್ಟೆಗಳಲ್ಲಿ ಬೇಲಿಗೆ ಯಾರೂ ದರ ಕೂಗದಿದ್ದರೆ ‘ನೋ ಬಿಡ್’ ಎಂದು ಬದಿಗಿಡುತ್ತಾರೆ. ಆಗ ಕಟ್ಟೆಯಲ್ಲಿ ಗಲಾಟೆಯಿಲ್ಲ; ಮಾರುಕಟ್ಟೆ ‘ಶಾಂತ’. ಸೌದೆಗೆ, ಗೊಬ್ಬರಕ್ಕೆ, ಕೂಲಿಗೆ ಸಾಲ ಮಾಡಿ, ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಕಾದು ಎಲೆ ಹದಮಾಡಿದ ರೈತ ಆ ಶಾಂತಿಯನ್ನು ಹೊತ್ತುಕೊಂಡು ಮನೆಗೆ ಹಿಂದಿರುಗುತ್ತಾನೆ.

ಹಾಗಾದರೆ ನಿಜವಾದ ಶಾಂತಿಗೆ ದಾರಿ ಯಾವುದು? ಇದೇ ಸೀಮೆಯ ಆನೆಗಳು ಇದಕ್ಕೆ ಎರಡು ಉತ್ತರಗಳನ್ನು ಕೊಡುತ್ತವೆ. ಕಾಕನಕೋಟೆಯಲ್ಲಿ 1971ರವರೆಗೆ ಖೆಡ್ಡಾ ನಡೆಯುತ್ತಿತ್ತು. ಕಾಡಾನೆಗಳ ಹಿಂಡನ್ನು ಬೆದರಿಸಿ, ಆವರಣಕ್ಕೆ ಅಟ್ಟಿ, ಹಗ್ಗ ಬಿಗಿದು ಸುಮ್ಮನಾಗಿಸುವ ಕ್ರಮವದು. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ, ಮುಂದಿನ ದಶಕದಲ್ಲಿ ಹುಣಸೂರಿನ ಗುರುಪುರಕ್ಕೆ ಬಂದು ನೆಲೆಸಿದ ಟಿಬೆಟನ್ನರು ಇನ್ನೊಂದು ಆನೆಯನ್ನು ಜೊತೆಗೆ ತಂದರು. ಅವರ ಸಂಪ್ರದಾಯದ ಪ್ರಸಿದ್ಧ ಚಿತ್ರವೊಂದರಲ್ಲಿ ಮನಸ್ಸು ಕರಿಯಾನೆ; ಭಿಕ್ಷು ಅದರ ಹಿಂದೆ ನಡೆಯುತ್ತಾನೆ. ಒಂಬತ್ತು ಹಂತಗಳಲ್ಲಿ ಆನೆ ಬೆಳ್ಳಗಾಗುತ್ತ ಹೋಗಿ, ಕೊನೆಗೆ ಅವನ ಪಕ್ಕದಲ್ಲೇ ಮಲಗುತ್ತದೆ. ಈ ಸಾಧನೆಗೆ ಸಂಸ್ಕೃತದಲ್ಲಿ ‘ಶಮಥ’ ಎಂದು ಹೆಸರು. ನಮ್ಮ ‘ಶಾಂತಿ’ಯ ಧಾತುವೇ ಅದರದೂ. ಭಾರತದಿಂದ ಹಿಮಾಲಯ ದಾಟಿ ಹೋದ ಪರಿಕಲ್ಪನೆಯೊಂದು ನಿರಾಶ್ರಿತರ ಜೊತೆಯಲ್ಲಿ ಪಿರಿಯಾಪಟ್ಟಣಕ್ಕೆ ಹಿಂದಿರುಗಿತು. ಇಂಗ್ಲಿಷಿನವರು ಅದನ್ನು ‘ಕಾಮ್ ಅಬೈಡಿಂಗ್’ ಎಂದು ಅನುವಾದಿಸುತ್ತಾರೆ: ಶಾಂತಿಯಲ್ಲಿ ನೆಲೆಸುವುದು. ಅಲ್ಲಿ ಮನಸ್ಸು ಓಡಿಹೋದರೆ ಅದನ್ನು ದಂಡಿಸುವುದಿಲ್ಲ. ತಾಳ್ಮೆಯಿಂದ ಮತ್ತೆ ಮತ್ತೆ ಕರೆತರುತ್ತಾರೆ.

ನಮ್ಮ ಕಾನೂನು ಹೆಚ್ಚಾಗಿ ಬಲ್ಲದ್ದು ಖೆಡ್ಡಾದ ಶಾಂತಿಯನ್ನು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 107ನೆಯ ಕಲಮಿನಡಿ ಶಾಂತಿಭಂಗ ಮಾಡೆನೆಂದು ಮುಚ್ಚಳಿಕೆ ಬರೆಸಿಕೊಳ್ಳುವುದು, 144ರಡಿ ನಿಷೇಧಾಜ್ಞೆ ಹೊರಡಿಸುವುದು ದಂಡಾಧಿಕಾರಿಯ ಅಧಿಕಾರವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವು 126 ಮತ್ತು 163 ಆಗಿವೆ. ಸಂಖ್ಯೆ ಬದಲಾಯಿತು, ಮದ್ದು ಅದೇ. 2017ರ ಡಿಸೆಂಬರ್‌ನಲ್ಲಿ ಹನುಮ ಜಯಂತಿಯ ಮೆರವಣಿಗೆಯ ವಿಚಾರವಾಗಿ ಹುಣಸೂರಿನಲ್ಲಿ ಬಿಗುವು ಉಂಟಾದಾಗ ನಿಷೇಧಾಜ್ಞೆ ಜಾರಿಯಾಗಿತ್ತು. ಇಂಥ ಆಜ್ಞೆ ಅನಗತ್ಯವೆಂದು ನಾನು ವಾದಿಸುತ್ತಿಲ್ಲ. ಪ್ರಾಣಹಾನಿ ತಪ್ಪಿಸುವುದು ಆಡಳಿತದ ಮೊದಲ ಕರ್ತವ್ಯ. ಆದರೆ ಅದು ತರುವುದು ಕಾಮ್ ಮಾತ್ರ, ಜನ ಒಳಗೆ ಸೇರಿಕೊಂಡಿದ್ದರಿಂದ ಬೀದಿಗೆ ಬಂದ ನಡುಮಧ್ಯಾಹ್ನದ ನಿಶ್ಚಲತೆ. ಬಿಸಿಲು ಇಳಿದೊಡನೆ ಅದೂ ಹೋಗುತ್ತದೆ.

ಪೀಸ್ ತರಬಲ್ಲದ್ದು ಶಾಂತಿಸಭೆ. ಹಬ್ಬಕ್ಕೆ ಎರಡು ದಿನ ಮೊದಲು ಪೊಲೀಸ್ ಠಾಣೆಯ ಆವರಣದಲ್ಲಿ ಅದೇ ಮುಖಂಡರನ್ನು ಕೂರಿಸಿ, ಕಾಫಿ ಕೊಟ್ಟು, ಸಹಕಾರ ಕೋರಿ ಕಳಿಸುವ ಶಾಸ್ತ್ರ ಅದಾಗಬಾರದು. ಎರಡೂ ಕಡೆಯ ಯುವಕರು, ಅಂಗಡಿಕಾರರು, ಆ ಬೀದಿಯ ಹೆಂಗಸರು ವರ್ಷದಲ್ಲಿ ನಾಲ್ಕಾರು ಬಾರಿಯಾದರೂ, ಹಬ್ಬವಿಲ್ಲದಾಗಲೂ ಸೇರಬೇಕು. ಮೆರವಣಿಗೆಯ ದಾರಿ, ಹೊತ್ತು, ಧ್ವನಿವರ್ಧಕದ ಮಿತಿಗಳನ್ನು ಅವರೇ ಒಪ್ಪಿ ಬರೆದುಕೊಳ್ಳಬೇಕು. ಹಾಡಿಯ ಜನರೊಂದಿಗೂ ತಂಬಾಕು ಬೆಳೆಗಾರರೊಂದಿಗೂ ಸರ್ಕಾರ ಮಾತನಾಡಬೇಕಾದದ್ದು ಹೀಗೆಯೇ, ಅವರು ಸುಮ್ಮನಿರುವಾಗ. ಸುಮ್ಮನಿದ್ದಾರೆಂಬ ಕಾರಣಕ್ಕೇ ಕಡತ ಮುಚ್ಚುವುದು ನಮ್ಮ ಕಚೇರಿಗಳ ಹಳೆಯ ಚಾಳಿ.

‘ಪರಿಸ್ಥಿತಿ ಶಾಂತ’ ಎಂದು ವರದಿ ಬರೆಯುವ ಅಧಿಕಾರಿ ಅದರ ಕೆಳಗೆ ಇನ್ನೊಂದು ಸಾಲನ್ನೂ ಸೇರಿಸುವಂತಾಗಲಿ: ಯಾರು ಯಾರೊಂದಿಗೆ, ಯಾವುದಕ್ಕೆ ಒಪ್ಪಿದ್ದಾರೆ? ಆ ಸಾಲು ಖಾಲಿಯಿದ್ದರೆ ಊರಿನಲ್ಲಿ ನಿಂತಿರುವುದು ಗಾಳಿ ಮಾತ್ರ.